ಯಾರ ಗುಳಿಯ ಅಕ್ಕಿ?

ನಮ್ಮ ಮನೆಯಲ್ಲಿ ಅಕ್ಕಿಯ ಸಲುವಾಗಿ ಜಗಳ ಹೊಸತೇನಲ್ಲ. ಕುಚ್ಚಲಕ್ಕಿಯೋ ಬೆಳ್ತಿಗೆಯೋ ಎಂಬ ಒಂದೇ ಪ್ರಶ್ನೆಯನ್ನು ನಡುವೆ ಇಟ್ಟುಕೊಂಡು ಅಪ್ಪ ಮತ್ತು ಆಯಿ ಐವತ್ತು ವರ್ಷ ಸಂಸಾರ ಮಾಡಿದವರು. ಆದರೆ ಆ ಜಗಳದಲ್ಲಿ ಅಕ್ಕಿ ಎಂಬುದು ಕಣ್ಣೆದುರಿಗೆ ಇರುತ್ತಿತ್ತು, ಕೈ ಹಾಕಿದರೆ ಸಿಗುತ್ತಿತ್ತು. ಅಟ್ಟದಲ್ಲೂ ಇಲ್ಲದ, ಡಬ್ಬದಲ್ಲೂ ಇಲ್ಲದ ಅಕ್ಕಿಯ ಮೇಲೆ ನಮ್ಮಲ್ಲಿ ವಾಗ್ವಾದ ಎದ್ದದ್ದು 2020ರ ಬೇಸಿಗೆಯಲ್ಲಿ, ಲಾಕ್‌ಡೌನಿನ ಕಾಲಕ್ಕೆ.

ನಮ್ಮದು ಚಿತ್ತಾಕುಲ. ಕಾರವಾರ ಪೇಟೆಯಿಂದ ಕಾಳಿ ನದಿ ದಾಟಿದ ಕೂಡಲೇ ಸದಾಶಿವಗಡದ ಗುಡ್ಡ ಎದುರಾಗುತ್ತದಲ್ಲ, ಅದರ ಆಸುಪಾಸಿನ ಊರು. ಐನೂರು ವರ್ಷದ ಹಿಂದೆ ಬಂದ ಪೋರ್ಚುಗೀಸರು ಇದನ್ನು ‘ಸಿಂತಾಕೋರ’ ಎಂದು ಬರೆದುಕೊಂಡು ಹೋದರು. ನಮ್ಮೂರಿನ ಹೆಸರು ಅವರ ನಾಲಿಗೆಗೆ ದಕ್ಕಲಿಲ್ಲ. ಅದರ ಸೇಡೋ ಎಂಬಂತೆ ಆ ಕಡೆಯ ಭಾಷೆ ಯಾವುದೂ ನನ್ನ ನಾಲಿಗೆಗೆ ಇಂದಿಗೂ ಸರಿಯಾಗಿ ದಕ್ಕಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ಈಗ ಹೀಗೇ ಇರಲಿ.

ಯುಗಾದಿಗೆಂದು ನಾಲ್ಕು ದಿನದ ಮಟ್ಟಿಗೆ ಬೆಂಗಳೂರಿನಿಂದ ಬಂದ ತಮ್ಮನ ಸಂಸಾರ ನಾಲ್ಕು ತಿಂಗಳು ಉಳಿಯಿತು. ಬಡಗಣಕ್ಕೆ ಮಾಜಾಳಿಯಲ್ಲಿ ಗೋವೆಯ ಗಡಿ ಬಂದ್, ತೆಂಕಣಕ್ಕೆ ಸೇತುವೆಯ ಬಳಿ ಪೊಲೀಸರು, ಪಡುವಣಕ್ಕೆ ಸಮುದ್ರ. ಮೂಡಣಕ್ಕೆ ಹೋಗಿ ಮಾಡುವುದೇನು? ತಮ್ಮನ ಮಗಳಿಗೆ ಆಗ ಹನ್ನೊಂದು ವರ್ಷ. ಮನೆಯಲ್ಲಿ ಎಲ್ಲರ ಬಾಯಲ್ಲೂ ಪುಟ್ಟಿ. ನಮ್ಮ ಮನೆಯಲ್ಲಿ ಫೋನಿಗೆ ರೇಂಜ್ ಸಿಗುವುದು ಎರಡೇ ಕಡೆ: ಬಾವಿಕಟ್ಟೆಯ ಮೇಲೆ ಮತ್ತು ಜಗಲಿಯ ಪಡುವಣ ಮೂಲೆಯಲ್ಲಿ ಅಪ್ಪನ ಆರಾಮಕುರ್ಚಿ ಇರುವ ಜಾಗದಲ್ಲಿ. ಆ ಕುರ್ಚಿಯಲ್ಲಿ ಕೂತರೆ ಲೋಕದ ಸುದ್ದಿಯೆಲ್ಲ ತಾನಾಗಿ ತಿಳಿಯುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಅವರು ಹೋದ ಹತ್ತು ವರ್ಷಕ್ಕೆ ಅದು ನಿಜವಾಯಿತು.

ಒಂದು ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದ ಪುಟ್ಟಿ, “ದೊಡ್ಡಪ್ಪಾ, ನಾನು ನಾನೂರು ಕಾಳು ಅಕ್ಕಿ ಕೊಟ್ಟೆ” ಎಂದಳು.

“ಯಾರಿಗೆ?”

“ಹಸಿದವರಿಗೆ.”

“ಎಲ್ಲಿಂದ?”

“ಫೋನಿಂದ.”

ಆಯಿ ಒಳಗಿನಿಂದ ಬಂದಳು. ನಮ್ಮ ಮನೆಯಲ್ಲಿ ಯಾರಾದರೂ ಅಕ್ಕಿ ಕೊಟ್ಟೆ ಎಂದರೆ ಆಯಿ ಹೊರಗೆ ಬರಲೇಬೇಕು. ಉಗ್ರಾಣದ ಕೀಲಿ ಇರುವುದು ಅವಳ ಸೊಂಟದಲ್ಲಿ.

ಆಟದ ಹೆಸರು ಫ್ರೀರೈಸ್. ಒಂದು ಪ್ರಶ್ನೆ, ಅದರ ಕೆಳಗೆ ನಾಲ್ಕು ಉತ್ತರ. ಸರಿಯಾದದ್ದನ್ನು ಒತ್ತಿದರೆ ಆಗ ಹತ್ತು ಕಾಳು ಅಕ್ಕಿ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಲೆಕ್ಕಕ್ಕೆ ಜಮೆಯಾಗುತ್ತಿತ್ತು. ತಪ್ಪು ಒತ್ತಿದರೆ ಬಿದ್ದ ಕಾಳು ವಾಪಸು ಹೋಗುವುದಿಲ್ಲ, ಸರಿ ಉತ್ತರ ಯಾವುದೆಂದು ತೋರಿಸಿ ಮುಂದಿನ ಪ್ರಶ್ನೆ ಬರುತ್ತದೆ. ಇಂಗ್ಲಿಷ್ ಶಬ್ದಾರ್ಥ, ಮಗ್ಗಿ, ದೇಶಗಳ ರಾಜಧಾನಿ, ಬಾವುಟ, ರಸಾಯನಶಾಸ್ತ್ರದ ಚಿಹ್ನೆ, ಹೀಗೆ ಬೇಕಾದ ವಿಷಯ ಆರಿಸಿಕೊಳ್ಳಬಹುದು. ಆಟ ಕಟ್ಟಿದವರು ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಊರಿನ ಜಾನ್ ಬ್ರೀನ್ ಎಂಬ ಪ್ರೋಗ್ರಾಮರ್. ಅವರ ಮಗ ಕಾಲೇಜು ಪ್ರವೇಶದ ಪರೀಕ್ಷೆಗೆ ಓದುತ್ತಿದ್ದ, ಶಬ್ದಗಳು ತಲೆಗೆ ಹತ್ತಲಿ ಎಂದು ಅಪ್ಪ ಕೂತು ಒಂದು ಆಟವನ್ನೇ ಕಟ್ಟಿದರು. ನಮ್ಮಲ್ಲಿ ಮಗನಿಗೆ ಓದು ಹತ್ತದಿದ್ದರೆ ಅಪ್ಪಂದಿರು ಕಟ್ಟುವುದು ಟ್ಯೂಷನ್ ಫೀಸು. 2007ರ ಅಕ್ಟೋಬರ್ 7ರಂದು ಆಟ ಶುರುವಾಯಿತು. ಮೊದಲ ದಿನ ಇಡೀ ಲೋಕ ಸೇರಿ ಗಳಿಸಿದ್ದು 830 ಕಾಳು. ನಮ್ಮ ಬೆಕ್ಕಿಗೂ ಒಂದು ಹೊತ್ತಿಗೆ ಸಾಲದು. ಆಮೇಲೆ ಸುದ್ದಿ ಹಬ್ಬಿತು. ಮೊದಮೊದಲು ಬಂದ ಅಕ್ಕಿ ಬಾಂಗ್ಲಾದೇಶದಲ್ಲಿ ಆಶ್ರಯ ಪಡೆದಿದ್ದ ಮ್ಯಾನ್ಮಾರಿನ ನಿರಾಶ್ರಿತರ ತಟ್ಟೆ ಸೇರಿತು. 2009ರಲ್ಲಿ ಬ್ರೀನ್ ಆಟವನ್ನು ವಿಶ್ವ ಆಹಾರ ಕಾರ್ಯಕ್ರಮಕ್ಕೇ ಒಪ್ಪಿಸಿಬಿಟ್ಟರು.

ಇಷ್ಟನ್ನೂ ಪುಟ್ಟಿ ಫೋನಿನಲ್ಲಿ ಓದಿ ಹೇಳಿದಳು, ನಾನು ಆಯಿಗೆ ಬೇಕಾದಂತೆ ಬಿಡಿಸಿ ಹೇಳಿದೆ. ಆಯಿ ಎಲ್ಲ ಕೇಳಿ, “ಆ ಅಕ್ಕಿ ಯಾರ ಗುಳಿಯಿಂದ ಬರ್ತದೆ?” ಎಂದು ಒಂದೇ ಪ್ರಶ್ನೆ ಹಾಕಿದಳು.

ಈ ಪ್ರಶ್ನೆ ಅರ್ಥವಾಗಬೇಕಾದರೆ ಅಳಗುಳಿಮಣೆ ಗೊತ್ತಿರಬೇಕು. ಲಾಕ್‌ಡೌನಿನ ಮೊದಲ ವಾರದಲ್ಲೇ ಆಯಿ ಅಟ್ಟದಿಂದ ಮಣೆ ಇಳಿಸಿದ್ದಳು. ಈ ಬದಿಗೆ ಏಳು ಗುಳಿ, ಆ ಬದಿಗೆ ಏಳು. ಗುಳಿಗಿಷ್ಟು ಹುಣಸೆಬೀಜ. ಒಂದು ಗುಳಿ ಬರಿದು ಮಾಡಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗಬೇಕು. ಬೀಜ ಮಣೆಯಲ್ಲೇ ಸುತ್ತುತ್ತದೆ, ಆಕಾಶದಿಂದ ಉದುರುವುದಿಲ್ಲ. ನಿನ್ನ ಕಡೆ ರಾಶಿಯಾಯಿತು ಅಂದರೆ ನನ್ನ ಕಡೆ ಬರಿದಾಯಿತು ಅಂತಲೇ. ಎಂಬತ್ತೆರಡು ವರ್ಷ ಬದುಕಿದ ಆಯಿಯ ಅರ್ಥಶಾಸ್ತ್ರ ಪೂರ್ತಿ ಆ ಹದಿನಾಲ್ಕು ಗುಳಿಗಳಲ್ಲಿದೆ. ನಾನು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತು ಕಲಿತದ್ದೂ ಅದಕ್ಕಿಂತ ಹೆಚ್ಚೇನಿಲ್ಲ.

“ಜಾಹೀರಾತಿನವರು ದುಡ್ಡು ಕೊಡ್ತಾರೆ ಅಜ್ಜಿ. ನಾವು ಆಡುವಾಗ ಕೆಳಗೆ ಜಾಹೀರಾತು ಬರ್ತದಲ್ಲ, ಅದರ ದುಡ್ಡಲ್ಲಿ ಅಕ್ಕಿ” ಎಂದು ಪುಟ್ಟಿ ಪರದೆ ತೋರಿಸಿದಳು. ಆ ಹೊತ್ತಿಗೆ ಅಲ್ಲಿದ್ದದ್ದು ಹದಿನೈದು ದಿನದಲ್ಲಿ ಹೊಟ್ಟೆ ಕರಗಿಸುವ ಪುಡಿಯ ಜಾಹೀರಾತು. ಉಂಡು ಉಂಡು ಹೊಟ್ಟೆ ಬಂದವರು ಪುಡಿ ಕೊಂಡು, ಆ ಪುಡಿಯವರು ಜಾಹೀರಾತಿಗೆ ದುಡ್ಡು ಸುರಿದು, ಆ ದುಡ್ಡು ಹೊಟ್ಟೆಗಿಲ್ಲದವರ ತಟ್ಟೆಗೆ ಅಕ್ಕಿಯಾಗಿ ಬೀಳುವ ವ್ಯವಸ್ಥೆಯನ್ನು ಆಯಿಗೆ ವಿವರಿಸಲು ನನಗೆ ಅರ್ಧ ತಾಸು ಹಿಡಿಯಿತು. ಅವಳಿಗೆ ಅದು ತಟ್ಟನೆ ಸರಿಕಂಡಿತು. “ಹಾಂಗಾದ್ರೆ ಹೊಟ್ಟೆ ಇದ್ದವರ ಗುಳಿಯಿಂದ. ಅಡ್ಡಿಲ್ಲ, ಆಡು” ಎಂದು ಅಪ್ಪಣೆ ಕೊಟ್ಟು ಒಳಗೆ ಹೋದಳು. ಹೋಗುವಾಗ ನನ್ನ ಹೊಟ್ಟೆಯನ್ನು ಒಮ್ಮೆ ನೋಡಿದಳು.

ಆಯಿಯ ಕೊಡುವಿಕೆಯ ಕ್ರಮವೇ ಬೇರೆ. ದಿನಾ ಅನ್ನಕ್ಕೆ ಸಿದ್ದೆಯಲ್ಲಿ ಅಕ್ಕಿ ಅಳೆದು ಪಾತ್ರೆಗೆ ಹಾಕುತ್ತಾಳೆ. ತೊಳೆಯುವ ಮೊದಲು ಆ ಪಾತ್ರೆಗೇ ಕೈ ಹಾಕಿ ಒಂದು ಹಿಡಿ ವಾಪಸು ತೆಗೆದು ಮೂಲೆಯ ಮಡಕೆಗೆ ಹಾಕುತ್ತಾಳೆ. ಮದುವೆಯಾಗಿ ಅಂಕೋಲೆಯಿಂದ ಈ ಮನೆಗೆ ಬಂದ ಮರುದಿನದಿಂದ ಇದು ನಡೆದಿದೆ. ಮಡಕೆ ತುಂಬಿದಾಗ ದೇವಸ್ಥಾನಕ್ಕೋ, ಬಾಗಿಲಿಗೆ ಬಂದವರಿಗೋ, ಬಾಣಂತಿ ಇರುವ ಬಡಮನೆಗೋ ಹೋಗುತ್ತದೆ. ಚಿಕ್ಕವನಿದ್ದಾಗ ನಾನು ಕೇಳಿದ್ದೆ, ಡಬ್ಬದಿಂದಲೇ ಬೇರೆ ಒಂದು ಹಿಡಿ ತೆಗೆದರಾಗದೇ ಎಂದು. ಆಗದಂತೆ. ಮನೆಯವರಿಗೆಂದು ಅಳೆದ ಮೇಲೆಯೇ ತೆಗೆಯಬೇಕಂತೆ. ಅಂದರೆ ನನ್ನ ತಟ್ಟೆಯಿಂದ, ತಮ್ಮನ ತಟ್ಟೆಯಿಂದ, ಅಪ್ಪನ ತಟ್ಟೆಯಿಂದ ದಿನವೂ ಕೆಲವು ಕಾಳು ನಮಗೆ ಹೇಳದೆ ಕೇಳದೆ ದಾನವಾಗಿ ಹೋಗುತ್ತಿದ್ದವು. ಬ್ಯಾಂಕಿನ ಭಾಷೆಯಲ್ಲಿ ಇದಕ್ಕೆ ಮೂಲದಲ್ಲೇ ಕಡಿತ ಎನ್ನುತ್ತಾರೆ.

ಪುಟ್ಟಿಗೆ ಈ ಹಿಡಿ ಕಂಡಿತು. “ಅಜ್ಜಿಯ ಒಂದು ಹಿಡಿ ಅಂದ್ರೆ ಎಷ್ಟು ಕಾಳು?” ಎಂದಳು.

ಬ್ಯಾಂಕಿನಲ್ಲಿ ನೋಟು ಎಣಿಸಿ ಬೆರಳು ಸವೆಸಿಕೊಂಡವನಿಗೆ ಇಂಥ ಪ್ರಶ್ನೆ ಕೇಳಬಾರದು. ನಿವೃತ್ತಿಯಾದ ಮೇಲೆ ಎಣಿಸಲು ಏನೂ ಸಿಗದೆ ನಾನು ಸೊರಗಿದ್ದೆ. ಗೆರಸೆ ತಂದು ಜಗಲಿಯಲ್ಲಿಟ್ಟೆವು. ಆಯಿ ಒಂದು ಹಿಡಿ ಕುಚ್ಚಲಕ್ಕಿ ತಂದು ಸುರಿದಳು. ಎಣಿಸುತ್ತಾರೆಂದು ಗೊತ್ತಾದ ಮೇಲೆ ಹಿಡಿ ಸ್ವಲ್ಪ ದೊಡ್ಡದೇ ಆಗಿತ್ತೆಂದು ನನ್ನ ಗುಮಾನಿ, ಆದರೆ ಆಡಿಟ್ ಮಾಡುವ ಧೈರ್ಯ ಯಾರಿಗಿದೆ? ಹತ್ತು ಹತ್ತರ ಗುಪ್ಪೆ ನಾನು ಮಾಡುವುದು, ಹತ್ತು ಗುಪ್ಪೆಗೆ ಒಂದು ಗೆರೆ ಪುಟ್ಟಿ ಎಳೆಯುವುದು. ಕೆಂಪು ಕಾಳು, ಹೊಟ್ಟೆಯ ಮೇಲೆ ಕಂದು ಗೀರು, ಒಂದೆರಡಕ್ಕೆ ಇನ್ನೂ ಉಮಿಯ ಚೂರು ಅಂಟಿಕೊಂಡಿದೆ. ಇಷ್ಟು ವರ್ಷ ಉಂಡರೂ ಒಂದು ಕಾಳನ್ನು ಬೇರೆಯಾಗಿ ನೋಡಿದ್ದು ಅಂದೇ. ಮುರಿದ ನುಚ್ಚನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು, ಎರಡು ನುಚ್ಚಿಗೆ ಒಂದು ಕಾಳು ಎಂದು ತೀರ್ಮಾನವಾಯಿತು. ಎಂಟುನೂರರ ಹತ್ತಿರ ಬಂದಾಗ ಆಚೆ ಮನೆಯ ಕೋಳಿಯೊಂದು ಜಗಲಿಗೆ ಹಾರಿ ಮೂರು ಗುಪ್ಪೆ ಕುಕ್ಕಿಕೊಂಡು ಓಡಿತು. ಪುಟ್ಟಿ ವಿಚಲಿತಳಾಗದೆ ‘ಕೋಳಿ: 30’ ಎಂದು ಬೇರೆ ಬರೆದುಕೊಂಡಳು. ಕೊನೆಗೆ ಕೋಳಿಯ ಪಾಲೂ ಸೇರಿ 1,742 ಕಾಳು. ಉಳಿದದ್ದನ್ನು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟು, ಕೋಳಿಯ ತೂಕ ಅಂದಾಜಿನಲ್ಲಿ ಕೂಡಿಸಿದರೆ ನಲವತ್ತನಾಲ್ಕು ಗ್ರಾಂ.

ಅಂದರೆ ಆಯಿಯ ಒಂದು ಹಿಡಿಗೆ ಸಮನಾಗಬೇಕಾದರೆ ಪುಟ್ಟಿ 175 ಸರಿ ಉತ್ತರ ಕೊಡಬೇಕು.

ಅವಳು ಕ್ಯಾಲ್ಕ್ಯುಲೇಟರ್ ತೆಗೆದಳು. ಅರವತ್ತು ವರ್ಷ, ವರ್ಷಕ್ಕೆ 365 ಹಿಡಿ. ಆಯಿ ನಡುವೆ ಬಾಯಿ ಹಾಕಿ, “ಏಕಾದಶಿ ಕಳೀಬೇಕು, ಅವತ್ತು ಅನ್ನ ಮಾಡೂದಿಲ್ಲ” ಎಂದಳು. ವರ್ಷಕ್ಕೆ ಇಪ್ಪತ್ನಾಲ್ಕು ಏಕಾದಶಿ ಕಳೆದು 20,460 ಹಿಡಿ. ಕಾಳಿನ ಲೆಕ್ಕದಲ್ಲಿ ಮೂರೂವರೆ ಕೋಟಿಯ ಮೇಲೆ, ತೂಕದಲ್ಲಿ ಒಂಬತ್ತು ಕ್ವಿಂಟಲ್. ಮೂಲೆಯ ಮಡಕೆಯ ಮೂಲಕ ಒಂಬತ್ತು ಕ್ವಿಂಟಲ್ ಅಕ್ಕಿ ನಮ್ಮ ತಟ್ಟೆಗಳಿಂದ ಹೊರಟು ಹೋಗಿತ್ತು, ನಾವ್ಯಾರೂ ಸಣ್ಣಗಾಗಿರಲಿಲ್ಲ. ಆಯಿಗೆ ಈ ಮೊತ್ತ ಹಿಡಿಸಲಿಲ್ಲ. ಕೊಟ್ಟದ್ದನ್ನು ಕೂಡಿಸಿಟ್ಟರೆ ಕೊಟ್ಟ ಹಾಗೆ ಆಗುವುದಿಲ್ಲವಂತೆ.

ಪುಟ್ಟಿ ಸೋಲೊಪ್ಪಲಿಲ್ಲ. ಕೇರಿಯ ಮಕ್ಕಳನ್ನು ಸೇರಿಸಿದಳು. ಐದು ಜನ, ಮೂರು ಫೋನು. ಆಟದಲ್ಲಿ ಗುಂಪು ಕಟ್ಟುವ ಅನುಕೂಲ ಇದೆ, ಎಲ್ಲರ ಕಾಳೂ ಒಂದೇ ಲೆಕ್ಕಕ್ಕೆ ಬೀಳುತ್ತದೆ. ಗುಂಪಿನ ಹೆಸರಿಗಾಗಿ ಎರಡು ದಿನ ಕನ್ನಡ, ಕೊಂಕಣಿ, ಇಂಗ್ಲಿಷಿನಲ್ಲಿ ಗಲಾಟೆಯಾಗಿ ಕೊನೆಗೆ ಊರಿನ ಹೆಸರೇ ಗೆದ್ದಿತು. ಬಾವಿಕಟ್ಟೆಯ ಮೇಲೆ ಮೂವರು, ಮಧ್ಯೆ ಇಷ್ಟಿಷ್ಟು ಅಂತರ ಬಿಟ್ಟು. ಅಪ್ಪನ ಕುರ್ಚಿಯ ಸುತ್ತ ಇಬ್ಬರು. ಒಬ್ಬ ಹುಡುಗನಿಗೆ ಓದುವ ತಾಳ್ಮೆ ಇಲ್ಲ, ಕಣ್ಣು ಮುಚ್ಚಿ ಒತ್ತುತ್ತಿದ್ದ. ನಾಲ್ಕರಲ್ಲಿ ಒಂದು ಹೇಗೂ ಸರಿ ಬೀಳುತ್ತದೆ, ತಪ್ಪಿಗೆ ದಂಡವಿಲ್ಲ. ಓದಿ ಉತ್ತರಿಸುವವರು ಒಂದು ಪ್ರಶ್ನೆ ಮುಗಿಸುವಷ್ಟರಲ್ಲಿ ಅವನು ಆರು ಮುಗಿಸುತ್ತಿದ್ದ. ಸಂಜೆ ಲೆಕ್ಕ ತೆಗೆದರೆ ಅವನದೇ ಅಕ್ಕಿ ಹೆಚ್ಚು. ಉಳಿದವರು ನನ್ನ ಹತ್ತಿರ ದೂರು ತಂದರು. ಹಸಿದವನು ಕಾಳು ಜ್ಞಾನದಿಂದ ಬಂತೋ ಅದೃಷ್ಟದಿಂದ ಬಂತೋ ಎಂದು ಕೇಳಿ ಉಣ್ಣುತ್ತಾನೆಯೇ ಎಂದು ನಾನು ತೀರ್ಪು ಕೊಟ್ಟೆ. ತೀರ್ಪು ಯಾರಿಗೂ ಒಪ್ಪಿಗೆಯಾಗಲಿಲ್ಲ. ಆ ಹುಡುಗನಿಗೇ ಒಪ್ಪಿಗೆಯಾಗಲಿಲ್ಲ, ಮರುದಿನದಿಂದ ಏಳರ ಮಗ್ಗಿಯನ್ನು ಓದಿ ಒತ್ತತೊಡಗಿದ.

ಕಾಳು ಗಳಿಸಲು ಅವನಿಗಿದ್ದ ಹುರುಪು ನೋಡಿದಾಗ ನನಗೆ ನನ್ನ ಶಾಲೆಯ ದಿನಗಳ ಕ್ಷಯದ ಚೀಟಿಗಳು ನೆನಪಾಗುತ್ತಿದ್ದವು. ಪ್ರತಿ ವರ್ಷ ಗಾಂಧಿ ಜಯಂತಿಯಿಂದ ಕ್ಷಯರೋಗ ನಿವಾರಣೆಯ ಸೀಲು ಮಾರುವ ಅಭಿಯಾನ ಶುರುವಾಗುತ್ತಿತ್ತು. ಅಂಚೆ ಚೀಟಿಯಂಥದ್ದೇ ಅಂಟುಚೀಟಿ, ಅದರ ಮೇಲೆ ಎರಡು ಅಡ್ಡಗೀಟಿನ ಶಿಲುಬೆ. ಮಾಸ್ತರರು ಒಬ್ಬೊಬ್ಬರಿಗೆ ಒಂದು ಹಾಳೆ ಕೊಟ್ಟು ಮಾರಿ ತನ್ನಿ ಎನ್ನುತ್ತಿದ್ದರು. ಅದು ಮುಗಿಯುವಷ್ಟರಲ್ಲಿ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ, ಮತ್ತೆ ಬಾವುಟದ ಚೀಟಿ. ಇಡೀ ಚಿತ್ತಾಕುಲದಲ್ಲಿ ಮಾರುವವರೇ ಎಲ್ಲ, ಕೊಳ್ಳುವವರು ಯಾರು? ಪ್ರತಿ ಮನೆಯಲ್ಲೂ ಒಂದು ಹಾಳೆ ಹಿಡಿದ ಮಗು. ನಾನು ಎರಡು ಮನೆಗೆ ಹೋದೆ, ಒಂದರಲ್ಲಿ ಬೆಲ್ಲ ನೀರು ಕೊಟ್ಟರು, ಇನ್ನೊಂದರಲ್ಲಿ ಅವರ ಹುಡುಗನ ಹಾಳೆಯಿಂದ ನನಗೇ ನಾಲ್ಕು ಚೀಟಿ ಮಾರಿದರು. ಕೊನೆಗೆ ಅಪ್ಪನೇ ಎಲ್ಲ ಕೊಂಡರು, ಕೊಂಡು ಅಟ್ಟದ ಬಾಗಿಲಿಗೆ ಸಾಲಾಗಿ ಅಂಟಿಸಿದರು. ಆ ಬಾಗಿಲಿಗೆ ಇವತ್ತಿನವರೆಗೂ ಕ್ಷಯ ಹಿಡಿದಿಲ್ಲ, ಗೆದ್ದಲು ಮಾತ್ರ ಹಿಡಿದಿದೆ.

ಸಾರ್ವಜನಿಕ ಗಣಪತಿಯ ಪಟ್ಟಿ ಎತ್ತಲು ನಾವು ಇಷ್ಟು ನಾಚಿದ್ದೇ ಇಲ್ಲ. ಹೋಳಿಯಲ್ಲಿ ರಸ್ತೆಗೆ ಅಡ್ಡ ಹಗ್ಗ ಹಿಡಿದು ಲಾರಿಯವರಿಂದ ದುಡ್ಡು ವಸೂಲು ಮಾಡುವಾಗಲಂತೂ ದರೋಡೆಕೋರರ ಗತ್ತೇ ಇತ್ತು. ಅದರಲ್ಲಿ ಕುಣಿತ ಇತ್ತು, ಗದ್ದಲ ಇತ್ತು, ಕೊನೆಗೆ ಅವಲಕ್ಕಿ ಇತ್ತು. ಚೀಟಿಯ ಹಾಳೆಯಲ್ಲಿ ಏನೂ ಇರಲಿಲ್ಲ. ಅಂಕೋಲೆಯವರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿ ಉಪ್ಪಿನ ಕಾಯಿದೆ ಮುರಿದಾಗ, ಕಾಸಿದ ಉಪ್ಪನ್ನು ಪೊಟ್ಟಣ ಕಟ್ಟಿ ಹರಾಜು ಹಾಕಿದರು. ಸಮುದ್ರದ ದಂಡೆಯ ಊರಿನಲ್ಲಿ ಉಪ್ಪಿಗೇನು ಬರಗಾಲವೇ? ಆದರೂ ಕೂಗಿ ಕೂಗಿ ಬೆಲೆ ಏರಿಸಿ ಕೊಂಡರು. ದೇಣಿಗೆ ಎತ್ತಬೇಕಾದರೆ ನಡುವೆ ಒಂದು ಆಟ ಬೇಕು. ಈ ಕತೆ ಹೇಳಿದಾಗ ಆಯಿ, ತನ್ನ ಅಜ್ಜನೂ ಆ ಗುಂಪಿನಲ್ಲಿ ನಿಂತಿದ್ದ ಎಂದಳು. ಅಂಕೋಲೆಯಲ್ಲಿ ಎಲ್ಲರ ಅಜ್ಜಂದಿರೂ ಅಲ್ಲಿ ನಿಂತಿದ್ದವರೇ.

ಇಷ್ಟರಲ್ಲಿ ನನಗೂ ಚಟ ಹತ್ತಿತು. ಮಕ್ಕಳು ಮಲಗಿದ ಮೇಲೆ ಅಪ್ಪನ ಕುರ್ಚಿ ನನ್ನದು. ರಾಜಧಾನಿಗಳಲ್ಲಿ ನಾನು ಗಟ್ಟಿ, ಬಾವುಟಗಳಲ್ಲಿ ಮಧ್ಯಮ, ಇಂಗ್ಲಿಷ್ ಶಬ್ದಗಳಲ್ಲಿ ಹೇಳಿಕೊಳ್ಳುವಂತಿಲ್ಲ. ಒಂದು ರಾತ್ರಿ ‘ಕೋಪ್ರಾ’ ಎಂದರೇನೆಂದು ಕೇಳಿತು. ಅರೆ, ನಮ್ಮ ಕೊಬ್ಬರಿ! ಈ ಕರಾವಳಿಯ ಶಬ್ದವನ್ನೇ ಪೋರ್ಚುಗೀಸರು ಹೊತ್ತುಕೊಂಡು ಹೋಗಿ ಇಂಗ್ಲಿಷಿನವರಿಗೆ ದಾಟಿಸಿದ್ದು. ಹತ್ತು ಕಾಳು ಬಿತ್ತು. ‘ಕಾಯರ್’ ಬಂತು, ತೆಂಗಿನ ನಾರು, ಮತ್ತೆ ಹತ್ತು. ಮೂಲ ನಮ್ಮದೇ ಆದ ಸರಕಿಗೆ ನಾನು ಬಡ್ಡಿ ವಸೂಲು ಮಾಡುತ್ತಿದ್ದೇನೆ ಎನ್ನಿಸಿತು. ಆ ಉಮೇದಿನಲ್ಲಿ ಮುಂದಿನ ಒಂಬತ್ತು ತಪ್ಪಿದೆ. ಕನ್ನಡ ಶಬ್ದಗಳ ವಿಭಾಗ ಇದೆಯೇ ಎಂದು ಹುಡುಕಿದೆ, ಕಾಣಲಿಲ್ಲ. ಇದ್ದಿದ್ದರೆ ಆಯಿಯನ್ನು ಕೂರಿಸಿ ಒಂದು ಕ್ವಿಂಟಲ್ ತೆಗೆಸುತ್ತಿದ್ದೆ.

ಜೂನ್ ಕೊನೆಗೆ ಮಳೆ ಹಿಡಿದು ಬಾವಿಕಟ್ಟೆಯ ಶಾಖೆ ಮುಚ್ಚಬೇಕಾಯಿತು. ಐದು ಮಕ್ಕಳ ಎರಡು ತಿಂಗಳ ಗಳಿಕೆ 2,10,000 ಕಾಳು. ಪುಟ್ಟಿ ಕುಣಿದಾಡಿದಳು. ನಾನು ಹಾಳು ಬಾಯಿ ಸುಮ್ಮನಿರದೆ ತೂಕಕ್ಕೆ ಇಳಿಸಿದೆ. ಐದು ಕಿಲೋ, ಮೇಲೆ ಆರೇಳು ಹಿಡಿ. ಅವಳ ಮುಖ ಸಪ್ಪಗಾಯಿತು. ಆ ತಿಂಗಳುಗಳಲ್ಲಿ ರೇಶನ್ ಅಂಗಡಿಯಲ್ಲಿ ಸರಕಾರ ಒಬ್ಬೊಬ್ಬರಿಗೆ ಹೆಚ್ಚುವರಿಯಾಗಿ ಕೊಡುತ್ತಿದ್ದದ್ದೂ ಐದೇ ಕಿಲೋ. ಎರಡು ತಿಂಗಳು ಐವರು ಮಗ್ಗಿ ಹೇಳಿ ಒಬ್ಬ ಮನುಷ್ಯನ ಒಂದು ಚೀಲ. ಸಮಾಧಾನಕ್ಕೆಂದು ದೊಡ್ಡ ಲೆಕ್ಕ ತೋರಿಸಿದೆ. ಲೋಕದ ಮಕ್ಕಳೆಲ್ಲ ಸೇರಿ ಈ ಆಟದಲ್ಲಿ ಹತ್ತು ಸಾವಿರ ಕೋಟಿ ಕಾಳು ಎಂದೋ ದಾಟಿಸಿದ್ದಾರೆ. ನಮ್ಮ ಗೆರಸೆಯ ಲೆಕ್ಕ ಹಿಡಿದರೆ ಎರಡೂವರೆ ಸಾವಿರ ಟನ್. ಹತ್ತು ಟನ್ನಿನ ಲಾರಿಗಳಾದರೆ ಇನ್ನೂರೈವತ್ತು, ಹೆದ್ದಾರಿಯಲ್ಲಿ ಒಂದರ ಹಿಂದೆ ಒಂದು ನಿಲ್ಲಿಸಿದರೆ ಸೇತುವೆ ದಾಟಿ ಕೋಡಿಬಾಗದ ಆಚೆಗೂ ಸಾಲು. ಅವಳು ಆ ಸಾಲನ್ನು ಮನಸ್ಸಿನಲ್ಲೇ ನೋಡಿ, “ಅದರಲ್ಲಿ ನಮ್ಮದು ಯಾವ ಲಾರೀಲಿ?” ಎಂದು ಕೇಳಿದಳು. ಅಷ್ಟರಲ್ಲಿ ಆಯಿ ಕೂಡಿಸುತ್ತ ಬಂದವಳು, “ನೂರಾ ಇಪ್ಪತ್ತು ಹಿಡಿ ಆಯ್ತಲ್ಲೇ. ನನಗೆ ಅಷ್ಟಕ್ಕೆ ನಾಲ್ಕು ತಿಂಗಳು ಬೇಕು” ಎಂದಳು. ಪುಟ್ಟಿ ಮತ್ತೆ ಕುಣಿದಳು.

ಜುಲೈಯಲ್ಲಿ ಅವರು ಬೆಂಗಳೂರಿಗೆ ಹೊರಟರು. ಅಕ್ಟೋಬರ್ 9ರ ಮಧ್ಯಾಹ್ನ ಫೋನು ಬಂತು. “ದೊಡ್ಡಪ್ಪಾ, ನಮಗೆ ನೊಬೆಲ್ ಬಂತು!” ಟಿವಿ ಹಾಕಿದೆ, ನಿಜ. ಆ ವರ್ಷದ ಶಾಂತಿ ಪ್ರಶಸ್ತಿ ವಿಶ್ವ ಆಹಾರ ಕಾರ್ಯಕ್ರಮಕ್ಕೆ. ಕಾರವಾರಕ್ಕೆ ನೊಬೆಲಿನ ನಂಟು ಹಳೆಯದು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜಾಗಿದ್ದಾಗ ಹರೆಯದ ರವೀಂದ್ರನಾಥ ಠಾಕೂರರು ಬಂದು ಉಳಿದಿದ್ದ ಕಡಲದಂಡೆ ಅವರ ಹೆಸರಿನಲ್ಲೇ ಇದೆ. ಈಗ ನದಿಯ ಈಚೆ ದಂಡೆಗೂ ಒಂದು ಬಂದಂತಾಯಿತು. ಆಯಿ, “ಎಷ್ಟು ದುಡ್ಡು?” ಎಂದಳು. ಒಂದು ಕೋಟಿ ಸ್ವೀಡಿಷ್ ಕ್ರೋನ, ನಮ್ಮ ಎಂಟು ಕೋಟಿ ರೂಪಾಯಿಗೂ ಮೇಲೆ ಎಂದೆ. ನಮ್ಮ ಪಾಲು ತೆಗೆಯಲು ಪುಟ್ಟಿ ಫೋನಿನಲ್ಲೇ ಭಾಗಾಕಾರ ಶುರುಮಾಡಿದಳು, ದಶಾಂಶ ಬಿಂದುವಿನ ಮುಂದೆ ಸೊನ್ನೆಗಳು ಮುಗಿಯದೆ ಕೈಬಿಟ್ಟಳು.

ಆ ರಾತ್ರಿ ಸಂಭ್ರಮಕ್ಕೆಂದು ಕುರ್ಚಿಯಲ್ಲಿ ಕೂತು ಆಟ ತೆರೆದೆ. ‘ಲಾರ್ಜೆಸ್’ ಎಂಬ ಶಬ್ದ ಬಂತು. ಇದು ನನಗೆ ಗೊತ್ತು ಎಂದು ‘ದೊಡ್ಡ ಗಾತ್ರ’ದ ಮೇಲೆ ಒತ್ತಿದೆ. ತಪ್ಪು. ಸರಿ ಉತ್ತರ, ಧಾರಾಳವಾಗಿ ಕೊಡುವುದು.

ಕತ್ತಲೆಯ ಒಳಕೋಣೆಯಿಂದ ಆಯಿಯ ದನಿ ಬಂತು. “ಬಿತ್ತನೋ?”

“ಇಲ್ಲ ಆಯಿ.”

“ಹಾಂಗಾದ್ರೆ ದೀಪ ಆರ್ಸಿ ಮಲಕ್ಕೋ. ಕರೆಂಟ್ ಬಿಲ್ ನಮ್ಮ ಗುಳಿಯಿಂದ್ಲೇ ಹೋಗ್ತದೆ.”